‘ಬೆರೆಯೋದು ಕಲೀಲಿ ಅಂತ ಕರ್ಕೊಂಡು ಬಂದ್ವಿ ಡಾಕ್ಟ್ರೇ’

ಭಾನುವಾರ ಸಂಜೆ ನನ್ನ ಕ್ಲಿನಿಕ್ಕಿಗೆ ಬರುವ ನಾಯಿಗಳಲ್ಲಿ ಹೊಲಿಗೆ ಬೇಕಾದವು ಬೇರೆ ದಿನಕ್ಕಿಂತ ಜಾಸ್ತಿ. ಬೆಳಿಗ್ಗೆಯ ನಾಯಿ ಪಾರ್ಕಿನ ಕೊಡುಗೆ ಅದು. ಕಚ್ಚಿಸಿಕೊಂಡ ನಾಯಿಯ ಬೆನ್ನಿಗೇ ಒಮ್ಮೊಮ್ಮೆ ಕಚ್ಚಿದ ನಾಯಿಯ ಮನೆಯವರೂ ಬಂದು, ಮುಖ ಸಪ್ಪಗೆ ಮಾಡಿಕೊಂಡು ಮೂಲೆಯಲ್ಲಿ ನಿಲ್ಲುತ್ತಾರೆ. ಏನಾಯಿತು ಎಂದರೆ ಎಲ್ಲರದೂ ಒಂದೇ ಉತ್ತರ: ‘ಇವನಿಗೆ ಬೇರೆ ನಾಯಿಗಳನ್ನ ಕಂಡ್ರೆ ಆಗ್ತಿರಲಿಲ್ಲ ಡಾಕ್ಟ್ರೇ. ನಾಲ್ಕು ನಾಯಿ ಜೊತೆ ಬೆರೆಯೋದು ಕಲೀಲಿ ಅಂತ ಪಾರ್ಕಿಗೆ ಕರ್ಕೊಂಡು ಬಂದ್ವಿ.’

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬೇಕೆಂದೇ ನಾಯಿಯನ್ನು ಛೂ ಬಿಡುವ ಮಾಲೀಕರನ್ನು ನಾನು ಕಂಡದ್ದು ಬಹಳ ಕಡಿಮೆ. ಕಂಡವರೆಲ್ಲ ಒಳ್ಳೆಯವರೇ, ನಾಯಿಯ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುವವರೇ. ತಮ್ಮ ನಾಯಿ ಸಿಡುಕ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೇ, ಅದಕ್ಕೆ ಔಷಧಿ ಎಂದುಕೊಂಡು, ಗೇಟಿನ ಒಳಗೆ ಹೋಗಿ ಬೆಲ್ಟು ಬಿಚ್ಚುತ್ತಾರೆ.

ನಾಯಿ ಪಾರ್ಕುಗಳ ಮೇಲೆ ನನಗೆ ಕೋಪವಿಲ್ಲ. ಬೆಂಗಳೂರಿನ ಎರಡು ಕೋಣೆಯ ಫ್ಲಾಟಿನಲ್ಲಿ, ಬಾಲ್ಕನಿಯೇ ಬಯಲು ಎಂದುಕೊಂಡು ಬೆಳೆಯುವ ಲ್ಯಾಬ್ರಡಾರಿಗೆ ಓಡಲು ಒಂದು ಜಾಗ ಬೇಕು. ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗವಿದೆ, ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮದೇ ಪೆಟ್ ಪಾರ್ಕು ಮಾಡಿಕೊಂಡಿವೆ, ಊರಾಚೆ ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ಮೈದಾನಗಳೂ ಇವೆ. ಎಲ್ಲವೂ ಇರಲಿ, ಇನ್ನಷ್ಟು ಆಗಲಿ. ಆದರೆ ಅವು ಇರುವುದು ಈಗಾಗಲೇ ಬೇರೆ ನಾಯಿಗಳ ಜೊತೆ ಹೊಂದಿಕೊಂಡು ಹೋಗುವ ನಾಯಿಗಳಿಗಾಗಿ. ಹೊಂದಿಕೊಳ್ಳದ ನಾಯಿಯನ್ನು ಸರಿಮಾಡಲು ಅಲ್ಲ. ಇಡೀ ಅಂಕಣದಲ್ಲಿ ಇದೊಂದು ಮಾತು ನೆನಪಿದ್ದರೂ ಸಾಕು. ಆದರೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಂದು ಸಲ ಹೇಳಿದರೆ ಯಾರೂ ಒಪ್ಪುವುದಿಲ್ಲ.

ನಾಯಿಮರಿ ಲೋಕವನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ವಯಸ್ಸು ಎಂದು ಒಂದಿದೆ: ಸುಮಾರು 3ನೇ ವಾರದಿಂದ 14ನೇ ವಾರದವರೆಗೆ. ಆಗ ಕಂಡ ನಾಯಿ, ಬೆಕ್ಕು, ಆಟೋ, ಹೆಲ್ಮೆಟ್ ಹಾಕಿದ ಮನುಷ್ಯ, ಕುಕ್ಕರಿನ ವಿಷಲ್ಲು ಎಲ್ಲವೂ ಅದಕ್ಕೆ ಮಾಮೂಲಿಯಾಗುತ್ತವೆ. ಅಡಚಣೆ ಏನೆಂದರೆ ಮರಿಯ ಮೊದಲ ಸುತ್ತಿನ ಲಸಿಕೆಗಳು ಮುಗಿಯುವಾಗ ಸುಮಾರು 16 ವಾರ ಆಗಿರುತ್ತದೆ, ಅಲ್ಲಿಯವರೆಗೆ ಪಾರ್ವೋ ಎಂಬ, ಮರಿಗಳ ಜೀವಕ್ಕೇ ಎರವಾಗುವ ವೈರಸ್ ಕಾಯಿಲೆಯ ಭಯದಿಂದ ನೆಲಕ್ಕೆ ಬಿಡಬೇಡಿ ಎಂದು ನಾವೇ ಹೇಳುತ್ತೇವೆ. ಜನ ಅದನ್ನು ಮನೆಯಿಂದ ಹೊರಗೇ ತರಬೇಡಿ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಎತ್ತಿಕೊಂಡು ಬೀದಿಬದಿಗೆ ಬನ್ನಿ, ಮಡಿಲಲ್ಲಿಟ್ಟುಕೊಂಡು ಸಂತೆ ತೋರಿಸಿ, ಲಸಿಕೆ ಆಗಿರುವ ಪರಿಚಯದ ನಾಯಿಯ ಮನೆಗೆ ಕರೆದುಕೊಂಡು ಹೋಗಿ.

ಆ ಕಾಲ ಕಳೆದು ಎರಡು, ಮೂರು ವರ್ಷವಾದ ನಾಯಿಯ ಕಥೆ ಬೇರೆ. ಬೇರೆ ನಾಯಿ ಕಂಡರೆ ಬೊಗಳಿ ಮೇಲೆ ಬೀಳುವ ನಾಯಿಗಳಲ್ಲಿ ಬಹಳಷ್ಟಕ್ಕೆ ಇರುವುದು ಹೆದರಿಕೆ, ಪೌರುಷವಲ್ಲ. ಅಂಥದನ್ನು ಅಪರಿಚಿತ ನಾಯಿಗಳ ಗುಂಪಿನೊಳಗೆ ಬಿಟ್ಟು ‘ಬೆರಿ’ ಎನ್ನುವುದು ಈಜು ಬಾರದವನನ್ನು ಬಾವಿಗೆ ತಳ್ಳಿದ ಹಾಗೆ. ಹಾಗೆ ಈಜು ಕಲಿತವರೂ ಇದ್ದಾರೆ ಎನ್ನುತ್ತೀರಿ. ಆಮೇಲೆ ಜನ್ಮದಲ್ಲಿ ಬಾವಿಕಟ್ಟೆ ಹತ್ತದವರ ಲೆಕ್ಕ ಇಟ್ಟವರು ಯಾರು?

ಪಾರ್ಕಿನ ಗೇಟನ್ನೇ ನೋಡಿ. ಹೊಸ ನಾಯಿ ಒಳಗೆ ಬಂದ ಕೂಡಲೇ ಇರುವ ನಾಯಿಗಳೆಲ್ಲ ಮೂಸಲು ನುಗ್ಗುತ್ತವೆ. ಹೆದರಿದ ನಾಯಿ ಗುರ್ ಎನ್ನುತ್ತದೆ, ಹಲ್ಲು ತೋರಿಸುತ್ತದೆ, ಗಾಳಿಗೆ ಬಾಯಿ ಹಾಕುತ್ತದೆ. ಉಳಿದವು ಹಿಂದೆ ಸರಿಯುತ್ತವೆ. ನಿಮ್ಮ ನಾಯಿ ಆ ಕ್ಷಣದಲ್ಲಿ ಒಂದು ಪಾಠ ಕಲಿಯಿತು: ಬಾಯಿ ಹಾಕಿದರೆ ಬದುಕುತ್ತೇನೆ. ಮುಂದಿನ ಭಾನುವಾರ ಗುರ್ ಎನ್ನುವ ಹಂತವನ್ನು ಅದು ಬಿಟ್ಟುಬಿಡುತ್ತದೆ. ಮತ್ತೊಂದು ಭಾನುವಾರ ಗೇಟಿನಲ್ಲೇ ಹಾರುತ್ತದೆ. ‘ಇದ್ದಕ್ಕಿದ್ದ ಹಾಗೆ ಕಚ್ಚಿಬಿಟ್ಟ’ ಎಂದು ನೀವು ಹೇಳುವಾಗ ನಾನು ಸುಮ್ಮನೆ ಗ್ಲೌಸು ಹಾಕಿಕೊಳ್ಳುತ್ತೇನೆ. ಕಲಿಯಲಿ ಎಂದು ಕರೆತಂದಿರಿ, ಕಲಿತಿದೆ.

ಗುರುಗುಟ್ಟಿದಾಗ ತಲೆಗೆ ಮೊಟಕುವವರಿಗೂ ಇದೇ ಮಾತು. ಗುರುಗುಟ್ಟುವುದು ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿ ನಿಮ್ಮ ಕೈಲಿರುತ್ತದೆ.

ಒಂದು ಕೇಸು ಹೇಳುತ್ತೇನೆ. ಮೂರು ವರ್ಷದ ಜರ್ಮನ್ ಶೆಫರ್ಡ್, ಸಿಂಬಾ ಎಂದಿಟ್ಟುಕೊಳ್ಳಿ. ಪಾರ್ಕಿನಲ್ಲಿ ಯಾರಿಗೂ ಯಾರ ಹೆಸರೂ ಗೊತ್ತಿರುವುದಿಲ್ಲ, ಎಲ್ಲರೂ ಸಿಂಬಾ ಅಪ್ಪ, ಬ್ರೂನೋ ಅಮ್ಮ. (ಕಚ್ಚಿದ ಮೇಲೆ ಸಿಂಬಾ ಅಪ್ಪನನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಆಮೇಲೆ ತಿಳಿಯುತ್ತದೆ.) ಸಿಂಬಾ ಒಂದು ಬಿಳಿ ಸ್ಪಿಟ್ಜನ್ನು, ನಾವೆಲ್ಲ ಪಾಮೇರಿಯನ್ ಎನ್ನುವ ನಾಯಿಯನ್ನು, ಬೆನ್ನ ಹತ್ತಿರ ಹಿಡಿದು ಎರಡು ಸಲ ಕೊಡವಿ ಬಿಟ್ಟಿತ್ತು. ಕೆಲವೇ ಸೆಕೆಂಡಿನ ಕೆಲಸ. ಮೈಮೇಲೆ ನೋಡಿದರೆ ಎರಡು ಸಣ್ಣ ತೂತು. ‘ರಕ್ತಾನೇ ಬಂದಿಲ್ಲ ನೋಡಿ, ಸುಮ್ನೆ ಗಾಬರಿ ಆಗ್ತಿದ್ದಾರೆ’ ಎಂದರು ಸಿಂಬಾ ಅಪ್ಪ. ನಾನು ಸ್ಪಿಟ್ಜಿನ ಪಕ್ಕೆಯ ಮೇಲೆ ಬೆರಳಿಟ್ಟೆ. ಚರ್ಮದ ಕೆಳಗೆ ಗಾಳಿ ಸೇರಿ ಚರಚರ ಎನ್ನುತ್ತಿತ್ತು. ಎಕ್ಸ್‌ರೇಯಲ್ಲಿ ಎರಡು ಪಕ್ಕೆಲುಬು ಮುರಿದಿದ್ದವು. ನಾಯಿಯ ಚರ್ಮ ಸಡಿಲ. ಹಲ್ಲು ಒಂದು ಕಡೆ ಚುಚ್ಚಿ ಒಳಗೆಲ್ಲ ಎಳೆದಾಡಿರುತ್ತದೆ, ಹೊರಗೆ ಕಾಣುವುದು ತೂತು ಮಾತ್ರ. ಒಳಗೆ ಸ್ನಾಯು ಹರಿದಿರಬಹುದು, ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು, ಹಲ್ಲಿನ ಜೊತೆ ಹೋದ ಕೀಟಾಣು ಎರಡು ಮೂರು ದಿನಕ್ಕೆ ಕೀವು ಕಟ್ಟಿಸಬಹುದು. ದೊಡ್ಡ ನಾಯಿ ಸಣ್ಣ ನಾಯಿಯನ್ನು ಬಾಯಲ್ಲಿ ಎತ್ತಿತು ಎಂದರೆ, ಗಾಯ ಕಾಣಲಿ ಬಿಡಲಿ, ಅದೇ ದಿನ ವೈದ್ಯರಿಗೆ ತೋರಿಸಿ. ಅರಿಶಿನ ಮೆತ್ತಿ ಕಾಯಬೇಡಿ. ಆ ಸ್ಪಿಟ್ಜ್ ಉಳಿಯಿತು. ಹಾಗೆ ಬಂದವೆಲ್ಲ ಉಳಿಯುವುದಿಲ್ಲ.

‘ನಮ್ಮದು ಲ್ಯಾಬ್ ಸಾರ್, ಪಿಟ್‌ಬುಲ್ ಅಲ್ಲ’ ಎನ್ನುವವರಿದ್ದಾರೆ. ಲ್ಯಾಬ್ ಕಚ್ಚಿದ್ದಕ್ಕೂ ನಾನು ಹೊಲಿಗೆ ಹಾಕಿದ್ದೇನೆ, ಬೀಗಲ್ ಕಚ್ಚಿದ್ದಕ್ಕೂ. ದವಡೆ ದೊಡ್ಡದಾದಷ್ಟು ಗಾಯ ದೊಡ್ಡದು, ಅಷ್ಟು ನಿಜ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಿ ಎಂದು ಸುತ್ತೋಲೆ ಹೊರಡಿಸಿತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನನ್ನ ಗಿರಾಕಿಗಳಲ್ಲಿ ಕೆಲವರು ಇದನ್ನು ತಮ್ಮ ನಾಯಿಗೆ ಸಿಕ್ಕ ಖುಲಾಸೆ ಎಂದು ತಿಳಿದರು. ಸುತ್ತೋಲೆ ಬಿದ್ದುಹೋಗಿದೆ, ಮಾಲೀಕರ ಹೊಣೆ ಬಿದ್ದುಹೋಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ತಳಿಯನ್ನು ಕೇಳುವುದಿಲ್ಲ: ನಿಮ್ಮ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ಸಾಕಷ್ಟು ಎಚ್ಚರ ವಹಿಸದಿದ್ದರೆ 6 ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ದಂಡ 1,000 ರೂಪಾಯಿ ಇತ್ತು. ಈ ಕಲಂ ಹೇಳುವುದು ಮನುಷ್ಯರ ಮಾತನ್ನು. ನಾಯಿಗೆ ನಾಯಿ ಕಚ್ಚಿದ ಪರಿಹಾರದ ಲೆಕ್ಕ ಬೇರೆ. ನಾನು ವಕೀಲನಲ್ಲ, ಅದನ್ನು ವಕೀಲರನ್ನೇ ಕೇಳಿ.

‘ವಶದಲ್ಲಿರುವ’ ಎಂದಾಗ ಸಂಬಳಕ್ಕೆ ನಾಯಿ ಸುತ್ತಾಡಿಸುವ ವಾಕರ್ ಹುಡುಗರ ನೆನಪಾಗುತ್ತದೆ. ಒಂದು ಕೈಯಲ್ಲಿ ನಾಲ್ಕು ಹಗ್ಗ, ಇನ್ನೊಂದರಲ್ಲಿ ಫೋನು. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ, ಏಕೆಂದರೆ ಈ ನಾಯಿ ಕಳೆದ ತಿಂಗಳು ಲಿಫ್ಟಿನಲ್ಲಿ ಕಚ್ಚಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಹೇಳಿದರೆ ಹುಡುಗ ಕೆಲಸ ಬಿಡುತ್ತಾನೆ ಎಂಬ ಭಯ.

ಇನ್ನು ಮುಧೋಳದ ನಾಯಿ. ಇದರ ಮೇಲೆ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಬಾಗಲಕೋಟೆ ಕಡೆಯ ಹೊಲಗಳಲ್ಲಿ ಮೊಲದ ಬೆನ್ನು ಹತ್ತಿದ ವಂಶ. ಈಗ ಬೆಂಗಳೂರಿನವರಿಗೂ ಅದರ ಮೇಲೆ ಅಭಿಮಾನ ಹುಟ್ಟಿದೆ, ಸಂತೋಷ. ಆದರೆ ಪಾರ್ಕಿನಲ್ಲಿ ಶಿಟ್ಜು ಎಂಬ ಪುಟ್ಟ ತಳಿಯ ನಾಯಿಯೊಂದು ಕೀಚು ದನಿಯಲ್ಲಿ ಕಿರುಚಿ ಓಡಿತೆಂದರೆ, ಮುಧೋಳದ ಕಣ್ಣಿಗೆ ಅದು ಶಿಟ್ಜುವಾಗಿ ಉಳಿಯುತ್ತದೋ ಇಲ್ಲವೋ ನಾನು ಖಾತ್ರಿ ಕೊಡಲಾರೆ. ಅಲ್ಲಿ ಸಿಟ್ಟೂ ಇಲ್ಲ, ದ್ವೇಷವೂ ಇಲ್ಲ. ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ. ಮನೆಯಲ್ಲಿ ಬಲು ಸೌಮ್ಯ ಎಂಬ ಮಾತು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ನಾಯಿಗಳಿರುವ ಭಾಗಕ್ಕೆ ಇಂಥವನ್ನು ಬಿಡಬಾರದು, ಅಷ್ಟೇ.

ಹಾಗಾದರೆ ಸಿಡುಕು ನಾಯಿಗೆ ಏನು ದಾರಿ? ಮೊದಲು ಮೈ ಪರೀಕ್ಷೆ. ಸೊಂಟದ ಕೀಲು ನೋವು, ಕಿವಿಯ ಸೋಂಕು, ಉಣ್ಣೆ ಜ್ವರ, ಹಲ್ಲು ಹುಳುಕು: ನೋವಿರುವ ನಾಯಿ ಮುಟ್ಟಿದರೆ ಸಿಡುಕುತ್ತದೆ. ಬೀಜ ತೆಗೆಸಿದರೆ ಸರಿಹೋಗುತ್ತದೆಯೇ ಎಂದು ಕೇಳುತ್ತೀರಿ. ಕೆಲವು ಗಂಡುನಾಯಿಗಳ ಕಾದಾಟ ತಗ್ಗಬಹುದು. ಹೆದರಿಕೆಯಿಂದ ಕಚ್ಚುವುದಕ್ಕೆ ಅದು ಔಷಧಿಯಲ್ಲ. ಆಮೇಲೆ ಒಳ್ಳೆಯ ತರಬೇತುದಾರರು, ಕರೆಂಟ್ ಕಾಲರ್ ಹಾಕುವವರಲ್ಲ. ಒಂದು ಶಾಂತ ನಾಯಿಯ ಜೊತೆ, ರಸ್ತೆಯ ಆಚೆಬದಿ ಈಚೆಬದಿ, ಇಬ್ಬರ ಕೈಯಲ್ಲೂ ಬೆಲ್ಟು, ಒಂದೇ ದಿಕ್ಕಿಗೆ ನಡಿಗೆ. ವಾರಗಳು ಹಿಡಿಯುತ್ತವೆ, ತಿಂಗಳುಗಳೂ ಹಿಡಿದಾವು. ಕೊನೆಗೂ ಪಾರ್ಕಿಗೆ ಒಗ್ಗದೆ ಹೋಗಬಹುದು, ಆದರೇನಂತೆ? ನನ್ನ ಬಳಿಗೆ ಬರುವ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಡ್ಯಾಶ್‌ಹೌಂಡನ್ನು ಉದ್ದ ಹಗ್ಗ ಕಟ್ಟಿ ನಸುಕಿನಲ್ಲಿ ಖಾಲಿ ಸೈಟುಗಳ ನಡುವೆ ಸುತ್ತಿಸುತ್ತಾರೆ. ‘ಇವಳಿಗೆ ಜನವೂ ಆಗಲ್ಲ, ನಾಯಿಯೂ ಆಗಲ್ಲ ಡಾಕ್ಟ್ರೇ, ನನ್ನ ಹಾಗೇ’ ಎನ್ನುತ್ತಾರೆ. ಇಬ್ಬರೂ ಆರೋಗ್ಯವಾಗಿದ್ದಾರೆ.

ಬುಟ್ಟಿಯಂಥ ಬಾಯಿಕುಕ್ಕೆ ಒಳ್ಳೆಯ ಸಾಧನ, ನಾಯಿ ಅದರೊಳಗೆ ತೇಕಬಹುದು, ನೀರು ಕುಡಿಯಬಹುದು. ಬೀದಿಯಲ್ಲಿ, ಲಿಫ್ಟಿನಲ್ಲಿ, ನನ್ನ ಕ್ಲಿನಿಕ್ಕಿನಲ್ಲಿ ಹಾಕಿ. ಪಾರ್ಕಿಗೆ ಅದು ಪಾಸಲ್ಲ. ಹೆದರಿದ ನಾಯಿಯ ಬಾಯಿ ಕಟ್ಟಿ ಗುಂಪಿಗೆ ಬಿಟ್ಟರೆ ಅದರ ಹೆದರಿಕೆ ಇಮ್ಮಡಿಯಾಗುತ್ತದೆ.

ಜಗಳ ಹತ್ತಿಯೇಬಿಟ್ಟರೆ ಬಾಯಿಗಳ ನಡುವೆ ಕೈ ಹಾಕಬೇಡಿ. ಕಾಲರ್ ಹಿಡಿಯಲು ಹೋಗಿ ತಮ್ಮದೇ ನಾಯಿಯಿಂದ ಕಚ್ಚಿಸಿಕೊಂಡವರು ಬೇಕಾದಷ್ಟಿದ್ದಾರೆ. ನೀರು ಎರಚಿ, ನಡುವೆ ಕುರ್ಚಿಯೋ ಹಲಗೆಯೋ ತೂರಿಸಿ. ಮನುಷ್ಯರಿಗೆ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಕಚ್ಚಿದ ನಾಯಿಗೆ ಲಸಿಕೆ ಆಗಿದೆ ಎಂಬ ಧೈರ್ಯದಲ್ಲಿ ಮನೆಗೆ ಹೋಗಬೇಡಿ. ಆ ನಾಯಿಯ ಮೇಲೆ 10 ದಿನ ಕಣ್ಣಿಡಬೇಕು, ಆದರೆ ಚಿಕಿತ್ಸೆ ಆ 10 ದಿನ ಕಾಯುವುದಿಲ್ಲ. ಎಷ್ಟು ಚುಚ್ಚುಮದ್ದು ಎಂಬುದನ್ನು ಗಾಯ ನೋಡಿದ ವೈದ್ಯರು ಹೇಳುತ್ತಾರೆ, ನಾನಲ್ಲ.

ಕಚ್ಚಿದ್ದು ನಿಮ್ಮ ನಾಯಿಯಾದರೆ ಬೆಲ್ಟು ಹಾಕಿ, ಅಲ್ಲೇ ನಿಲ್ಲಿ. ನಿಮ್ಮ ಹೆಸರು, ಸಿಂಬಾ ಅಪ್ಪ ಎಂದಲ್ಲ, ಫೋನ್ ನಂಬರು, ಲಸಿಕೆ ಪುಸ್ತಕದ ಫೋಟೋ ಕೊಡಿ. ಯಾರು ಮೊದಲು ಗುರುಗುಟ್ಟಿದರು ಎಂಬ ವಿಚಾರಣೆ ಆಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಗೂ ನಡೆಯುತ್ತದೆ. ಬಿಲ್ಲಿನ ಮಾತನ್ನೂ ಪಾರ್ಕಿನಲ್ಲೇ ಮುಗಿಸಿಕೊಂಡು ಬನ್ನಿ, ನನ್ನ ಕೌಂಟರಿನ ಮುಂದೆ ಕೂಗಾಡಬೇಡಿ. ಅಲ್ಲಿ ಬೆಕ್ಕುಗಳು ಕಾಯುತ್ತಿರುತ್ತವೆ.