ಹಲ್ಲು ಕೀಳಿಸಿದರೂ ಬಿಡದ ಕೀಲುನೋವು

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬರಾದ ವೈದ್ಯ ಬೆಂಜಮಿನ್ ರಷ್, ಸೊಂಟದ ಕೀಲುನೋವಿನಿಂದ ನರಳುತ್ತಿದ್ದ ಮಹಿಳೆಯೊಬ್ಬರ ಹುಳುಕು ಹಲ್ಲನ್ನು ಕೀಳಿಸಿದರು. ಕೆಲವೇ ದಿನಗಳಲ್ಲಿ ನೋವು ಇಳಿಯಿತೆಂದು ಬರೆದಿಟ್ಟರು. ಇದು ಹತ್ತೊಂಬತ್ತನೆಯ ಶತಮಾನದ ಆರಂಭದ ಮಾತು. ಒಬ್ಬರಿಗೆ ಒದಗಿದ ಗುಣ ಎಲ್ಲರಿಗೂ ಮದ್ದಾಗಲು ಇನ್ನೂ ನೂರು ವರ್ಷ ಬೇಕಾಯಿತು.

1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ದಂತವೈದ್ಯರನ್ನು ತರಾಟೆಗೆ ತೆಗೆದುಕೊಂಡರು. ಅವರ ಕಣ್ಣಿಗೆ ಚಿನ್ನದ ಹೊದಿಕೆಯ ಹಲ್ಲೆಂದರೆ ಕೀವಿನ ಮೇಲೆ ಕಟ್ಟಿದ ಗೋರಿ. ಬಾಯಲ್ಲಿ ಅಡಗಿದ ಸೋಂಕೇ ಸಂಧಿವಾತದ ಬೇರು ಎಂಬ ನಂಬಿಕೆ ಅಮೆರಿಕದಲ್ಲಿ ಹಬ್ಬಿತು. ಗಟ್ಟಿ ಹಲ್ಲುಗಳೂ ಇಕ್ಕಳಕ್ಕೆ ಸಿಕ್ಕವು. ಎಷ್ಟೋ ಜನ ನಡುವಯಸ್ಸಿಗೇ ಬೊಚ್ಚುಬಾಯಿಯವರಾದರು. ಕೀಲುನೋವು ಮಾತ್ರ ಇದ್ದಲ್ಲೇ ಇತ್ತು.

ಮೊದಲು ಇದನ್ನು ಬೆಂಬಲಿಸಿದ್ದ ಅಮೆರಿಕದ ವೈದ್ಯ ರಸೆಲ್ ಸೆಸಿಲ್ ಅವರೇ 1938ರಲ್ಲಿ 200 ರೋಗಿಗಳ ಲೆಕ್ಕ ತೆಗೆದರು. ಹಲ್ಲು ಕೀಳಿಸಿಕೊಂಡ 52 ಮಂದಿಯಲ್ಲಿ 47 ಮಂದಿಗೆ ಏನೂ ಗುಣವಾಗಿರಲಿಲ್ಲ. ತಾವು ಹೇಳಿದ್ದನ್ನು ತಾವೇ ಅಳಿಸುವ ಎದೆಗಾರಿಕೆ ವೈದ್ಯಲೋಕದಲ್ಲಿ ಅಪರೂಪ.

ಬಾಯಿಯ ಮೇಲಿನ ಅನುಮಾನ ಮರಳಿದ್ದು ಅರವತ್ತು ವರ್ಷಗಳ ನಂತರ, ಕಲ್ಲಂಗಡಿಯ ಹೆಸರು ಹೊತ್ತ ಒಂದು ವಸ್ತುವಿನ ಮೂಲಕ. ಕಲ್ಲಂಗಡಿ ರಸದಲ್ಲಿ ಮೊದಲು ಸಿಕ್ಕಿದ್ದರಿಂದ ಅದರ ಹೆಸರು ಸಿಟ್ರುಲಿನ್. ದೇಹದ ಪ್ರೋಟೀನಿನಲ್ಲಿರುವ ಆರ್ಜಿನಿನ್ ಎಂಬ ಅಮೈನೋ ಆಮ್ಲ ಸಿಟ್ರುಲಿನ್ ಆಗಿ ಬದಲಾದರೆ, ಕೆಲವರ ರೋಗನಿರೋಧಕ ವ್ಯವಸ್ಥೆಗೆ ಮನೆಯವರೇ ಕಳ್ಳರಂತೆ ಕಾಣುತ್ತಾರೆ. ಹೀಗೆ ಹುಟ್ಟುವ ಪ್ರತಿಕಾಯಗಳನ್ನು ಪತ್ತೆಹಚ್ಚುವ ಪರೀಕ್ಷೆಯ ದಾರಿ 1998ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ತೆರೆಯಿತು. ಇಂದು ಸಂಧಿವಾತದ ರೋಗಿಗಳ ಕೈಯಲ್ಲಿರುವ ‘ಆಂಟಿ ಸಿಸಿಪಿ’ ವರದಿ ಅದರದೇ ಕುಡಿ. ಮರುವರ್ಷವೇ, ವಸಡು ಕೊಳೆಸುವ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದ ಬಳಿಯೂ ಇದೇ ಬದಲಾವಣೆ ಮಾಡುವ ಕಿಣ್ವವಿದೆ ಎಂದು ಗೊತ್ತಾಯಿತು.

ಕಳ್ಳ ಸಿಕ್ಕಿಬಿದ್ದನೆಂದು ಹೇಳುವಷ್ಟು ಸರಳವಲ್ಲ ಇದು. ವಂಶವಾಹಿಗಳಿಗೂ ಧೂಮಪಾನಕ್ಕೂ ಇದರಲ್ಲಿ ಪಾಲಿದೆ. 2016ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇನ್ನೊಂದು ವಸಡಿನ ಬ್ಯಾಕ್ಟೀರಿಯಾದತ್ತ ಬೆರಳು ತೋರಿಸಿದರು. ಅದರ ವಿಷ ಬಿಳಿ ರಕ್ತಕಣಗಳನ್ನೇ ಸಿಟ್ರುಲಿನ್ ಕಾರ್ಖಾನೆಯಾಗಿಸುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಬೆರಳೆಣಿಕೆಯ ರೋಗಿಗಳು ವಾರವಾರವೂ ಬೆರಳು ಚುಚ್ಚಿಕೊಂಡು ರಕ್ತದ ಹನಿ ಕೊಟ್ಟಿದ್ದರು. ವಸಡು ಕೆಟ್ಟವರ ಆ ಹನಿಗಳಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳ ಜಾಡು ಮತ್ತೆ ಮತ್ತೆ ಸಿಕ್ಕಿತು.

ಹಾಗಾದರೆ ವಸಡು ಸರಿಪಡಿಸಿದರೆ ಕೀಲು ಸರಿಹೋಗುತ್ತದೆಯೇ? ಫ್ರಾನ್ಸ್‌ನಲ್ಲಿ ನಡೆಸಿದ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ಹೊರಬಂದಿತು. ಹಲ್ಲಿನ ಗಾರೆ ತೆಗೆಸಿ ಶುಚಿ ಮಾಡಿಸಿಕೊಂಡ ರೋಗಿಗಳ ವಸಡು ಸುಧಾರಿಸಿತ್ತು. ಕೀಲುಗಳ ಬಾಧೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.