ಒಮ್ಮತವೂ ಸಮ್ಮತಿಯೂ ಒಂದೇ ಅಲ್ಲ

ಮಕ್ಕಳ ಪಾಲನೆಯ ಕುರಿತ ಬರಹಗಳಲ್ಲಿ ‘ತಂದೆತಾಯಿಯರಲ್ಲಿ ಒಮ್ಮತವಿರಲಿ’ ಎಂಬ ಸಲಹೆ ಎಷ್ಟು ಸವೆದಿದೆಯೆಂದರೆ, ಒಬ್ಬರು ಮನೆಯ ನಿಯಮ ಹೇಳಿ ಇನ್ನೊಬ್ಬರು ಜಗಳವೇಕೆಂದು ಸುಮ್ಮನಿರುವುದನ್ನೂ ಈಗ ಅದೇ ಪದದಿಂದ ಕರೆಯಲಾಗುತ್ತಿದೆ. ಅದಕ್ಕೆ ಬೇರೆ ಪದವಿದೆ: ಸಮ್ಮತಿ.

ಒಮ್ಮತ, ಬಹುಮತ, ಸಮ್ಮತಿ ಈ ಮೂರರ ಬೇರೂ ‘ಯೋಚಿಸು’ ಎಂಬ ಅರ್ಥದ ಸಂಸ್ಕೃತದ ‘ಮನ್’ ಧಾತು. ‘ಮತ’ವೆಂದರೆ ಮೂಲದಲ್ಲಿ ಯೋಚಿಸಿದ್ದು, ಚುನಾವಣೆಯ ಓಟು ಎಂಬ ಅರ್ಥ ತೀರ ಈಚಿನದು. ‘ಇರ್’ ಸೇರಿ ‘ಇಮ್ಮಡಿ’ ಆದ ಹಾಗೆಯೇ ಕನ್ನಡದ ‘ಒರ್’ ಈ ‘ಮತ’ಕ್ಕೆ ಸೇರಿ ‘ಒಮ್ಮತ’ವಾಗಿದೆ. ಸಮ್ಮತಿಯನ್ನು ಒಬ್ಬರು ಕೊಡಬಹುದು, ಇನ್ನೊಬ್ಬರು ಪಡೆಯಬಹುದು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬಂತೆ ಬಾಯಿ ಬಿಡದೆಯೂ ಸೂಚಿಸಬಹುದು. ಒಮ್ಮತವನ್ನು ಯಾರೂ ಯಾರಿಗೂ ಕೊಡಲಾರರು, ‘ಒಮ್ಮತಕ್ಕೆ ಬರುವುದು’ ಎಂದೇ ನಮ್ಮ ನುಡಿಗಟ್ಟು. ಬರಬೇಕಾದರೆ ಇಬ್ಬರೂ ಯೋಚಿಸಿರಬೇಕು. ಇನ್ನು ಬಹುಮತ ಇಬ್ಬರ ನಡುವೆ ಸಾಧ್ಯವೇ ಇಲ್ಲ; ಅಜ್ಜಿಯನ್ನು ತಮ್ಮ ಕಡೆಗೆ ಸೆಳೆದುಕೊಂಡು ಗೆದ್ದವರು ಅದನ್ನು ಒಮ್ಮತವೆಂದು ಹೇಳಿಕೊಳ್ಳಬಾರದು.

ಈ ವ್ಯತ್ಯಾಸ ಪಂಡಿತರ ಹಟವಲ್ಲ. ಮಲಗುವ ಹೊತ್ತಿಗೆ ಮೊಬೈಲ್ ಇಲ್ಲವೆಂಬ ನಿಯಮಕ್ಕೆ ತಂದೆಯದು ಬರಿಯ ಸಮ್ಮತಿಯಾಗಿದ್ದರೆ, ಆತ ಮಗುವಿಗೆ ಹೇಳುವ ಮಾತು ‘ಅಮ್ಮ ಬೈಯುತ್ತಾಳೆ, ಬೇಡ’ ಎಂದಿರುತ್ತದೆ. ಅಮ್ಮ ಇಲ್ಲದ ದಿನ ನಿಯಮವೂ ಇಲ್ಲವೆಂದು ಮೂರು ವರ್ಷದ ಮಗುವೂ ಅದರಿಂದ ತಿಳಿದುಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರಾದ ಸ್ಕಿನ್ನರ್ ಮತ್ತು ಫರ್ಸ್ಟರ್ 1957ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳ ಮೂಲಕ ವಿಸ್ತಾರವಾಗಿ ವಿವರಿಸಿದ ವರ್ತನೆಯ ನಿಯಮಗಳನ್ನು ಇಲ್ಲಿ ನೆನೆಯಬಹುದು: ಪ್ರತಿ ಸಲವೂ ಫಲ ಕೊಟ್ಟ ವರ್ತನೆಗಿಂತ ಆಗೊಮ್ಮೆ ಈಗೊಮ್ಮೆ ಫಲ ಕೊಟ್ಟ ವರ್ತನೆ, ಫಲ ನಿಂತ ಮೇಲೂ ಹೆಚ್ಚು ಕಾಲ ಉಳಿಯುತ್ತದೆ. ನಾಲ್ಕು ದಿನಕ್ಕೊಮ್ಮೆ ಸಡಿಲವಾಗುವ ನಿಯಮ ಮಗುವಿಗೆ ಕಲಿಸುವುದು ಇನ್ನಷ್ಟು ಹೊತ್ತು ಅಳುವುದನ್ನು. ಸಾಲದ್ದಕ್ಕೆ, ನಿಯಮ ನಿಜಕ್ಕೂ ಜಾರಿಯಾದ ಮೊದಲ ದಿನಗಳಲ್ಲಿ ಅಳು ಇಳಿಯುವ ಮುನ್ನ ಏರುವುದುಂಟು, ಮತ್ತು ಆ ಏರಿಕೆಗೆ ಮೊದಲು ಸೋಲುವವರು ಸಾಮಾನ್ಯವಾಗಿ ಆ ನಿಯಮದ ಬಗ್ಗೆ ತಾವಾಗಿ ಯೋಚಿಸದವರೇ.

ಹೊರಗಿನ ಅಧಿಕಾರವೂ ಒಮ್ಮತ ತರುವುದಿಲ್ಲ. 2ರಿಂದ 4 ವರ್ಷದ ಮಕ್ಕಳು ಕುಳಿತು ಪರದೆ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಒಂದು ಗಂಟೆ ಯಾವ ಹೊತ್ತಿನದು, ಅತಿಥಿಗಳು ಬಂದ ದಿನ ಏನು ಮಾಡುವುದು ಎಂಬುದನ್ನು ಇಬ್ಬರೂ ಕುಳಿತು ಮಾತಾಡಿಕೊಳ್ಳಬೇಕು, ಅದೂ ಮಗು ಮಲಗಿದ ಮೇಲೆ.

ಒಮ್ಮತವನ್ನು ಏಕರೂಪತೆಯೆಂದೂ ಕಟ್ಟುನಿಟ್ಟೆಂದೂ ತಿಳಿಯುವವರಿದ್ದಾರೆ. ಒಬ್ಬರು ಕಥೆ ಹೇಳಿ ಮಲಗಿಸಲಿ, ಇನ್ನೊಬ್ಬರು ಬೆನ್ನು ತಟ್ಟಿ ಮಲಗಿಸಲಿ, ದೀಪ ಆರುವ ಹೊತ್ತು ಒಂದೇ ಆಗಿದ್ದರೆ ಸಾಕು. ಜ್ವರ ಬಂದ ರಾತ್ರಿ ಆ ಹೊತ್ತನ್ನು ಬಿಡಬಹುದೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆ, ಆ ವಿನಾಯಿತಿಯೂ ಒಮ್ಮತದ ಭಾಗವೇ.