ವೈಸರಾಯ್ ಮಗಳು ಹೊಲಿಗೆಯವಳ ವೇಷದಲ್ಲಿ ಜೈಲಿಗೆ ಹೋಗಿದ್ದು ಯಾಕೆ?

ಓದುಗರ ಪ್ರಶ್ನೆ: ನಮ್ಮ ದೇಶದಲ್ಲಿ ವೈಸರಾಯ್ ಆಗಿದ್ದ ಲಾರ್ಡ್ ಲಿಟ್ಟನ್ ಮಗಳು ಹೆಂಗಸರ ಓಟಿನ ಹಕ್ಕಿಗಾಗಿ ಜೈಲಿಗೆ ಹೋಗಿದ್ರಂತೆ, ಅದೂ ಬೇರೆ ಹೆಸರಿಟ್ಟುಕೊಂಡು, ಬಡ ಹೊಲಿಗೆ ಕೆಲಸದವಳ ಥರ ವೇಷ ಹಾಕ್ಕೊಂಡು. ದೊಡ್ಡ ಮನೆ ಹೆಣ್ಣುಮಗಳು ಸ್ವಂತ ಹೆಸರಲ್ಲೇ ಹೋಗಿದ್ರೆ ಪೇಪರ್‌ನೋರೆಲ್ಲ ಬರೀತಿದ್ರು, ಚಳವಳಿಗೂ ಲಾಭ ಆಗ್ತಿತ್ತು ಅಲ್ವಾ? ಹೆಸರು ಮುಚ್ಚಿಡೋ ಅಗತ್ಯ ಏನಿತ್ತು?

ಉತ್ತರ: ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ. ಚಿಕ್ಕದಾಗಿ ಹೇಳ್ಬೇಕಂದ್ರೆ ಸ್ವಂತ ಹೆಸರಲ್ಲಿ ಅವರು ಆಗಲೇ ಎರಡು ಸಲ ಜೈಲಿಗೆ ಹೋಗಿ ಬಂದಿದ್ರು, ಎರಡು ಸಲಾನೂ ಆ ಹೆಸರೇ ಅವರನ್ನ ಕಾಪಾಡಿಬಿಡ್ತು, ಪಕ್ಕದ ಸೆಲ್‌ನಲ್ಲಿದ್ದೋರನ್ನ ಕಾಪಾಡ್ಲಿಲ್ಲ. ಇದು ಆಕೆಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಇಡೀ ಕಥೆ ಇಷ್ಟೇ, ಆದ್ರೆ ಅಲ್ಲಿವರೆಗೂ ಬಂದಿದ್ದು ಹೇಗೆ ಅಂತ ಗೊತ್ತಾದ್ರೇನೇ ಅದರ ತೂಕ ಗೊತ್ತಾಗೋದು.

ಲೇಡಿ ಕಾನ್‌ಸ್ಟನ್ಸ್ ಲಿಟ್ಟನ್ ಹುಟ್ಟಿದ್ದು 1869ರಲ್ಲಿ, ವಿಯೆನ್ನಾದಲ್ಲಿ. ಅಪ್ಪ ರಾಜತಾಂತ್ರಿಕ ಕೆಲಸದಲ್ಲಿದ್ರು, ಕವಿತೆನೂ ಬರೀತಿದ್ರು, 1876ರಿಂದ 1880ರವರೆಗೆ ಇಲ್ಲಿ ವೈಸರಾಯ್. ಹಾಗಾಗಿ ಮಗಳ ಬಾಲ್ಯದ ನಾಲ್ಕು ವರ್ಷ ನಮ್ಮ ದೇಶದಲ್ಲೇ ಕಳೀತು. ಕನ್ನಡದ ಜನಕ್ಕೆ ಆ ಹೆಸರು ಒಳ್ಳೆ ಕಾರಣಕ್ಕೆ ನೆನಪಿರೋದಲ್ಲ. 1877ರ ಜನವರಿ 1ಕ್ಕೆ ದಿಲ್ಲಿಯಲ್ಲಿ ದರ್ಬಾರ್ ನಡೆಸಿ ವಿಕ್ಟೋರಿಯಾ ರಾಣಿಯನ್ನ ಭಾರತದ ಚಕ್ರವರ್ತಿನಿ ಅಂತ ಇವರು ಸಾರಿದಾಗ ಮೈಸೂರು ಸೀಮೆ, ಬಳ್ಳಾರಿ ಕಡೆಯೆಲ್ಲ ಧಾತು ಈಶ್ವರ ಸಂವತ್ಸರದ ಆ ಭೀಕರ ಬರ ಶುರುವಾಗಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿ ಹೊತ್ತಿಗೆ 42 ಲಕ್ಷದ ಹತ್ತಿರಕ್ಕೆ ಇಳಿದುಹೋಗಿತ್ತು. ಅಪ್ಪನ ಕಾಲದಲ್ಲಿ ಜನ ಹಸಿವಿಂದ ಸತ್ರು, ಮಗಳು ಮುಂದೆ ತಾನಾಗೇ ಹಸಿವನ್ನ ಆರಿಸ್ಕೊಂಡ್ಲು ಅಂತ ಎರಡನ್ನೂ ಜೋಡಿಸಿ ಲೆಕ್ಕ ಚುಕ್ತಾ ಮಾಡೋಕೆ ನಾನು ಹೋಗಲ್ಲ, ಆಗ ಆ ಮಗುವಿಗೆ ಏಳೆಂಟು ವರ್ಷ. ಆದ್ರೂ ಇದನ್ನ ಹೇಳದೆ ಮುಂದೆ ಹೋಗೋಕೂ ಮನಸ್ಸು ಬರಲ್ಲ.

ಮನೆತನ ಎಂಥದು ಅಂತ ಒಂದು ಅಂದಾಜು ಕೊಡ್ತೀನಿ. ತಾಯಿ ರಾಣಿಯ ಅರಮನೆಯಲ್ಲಿ ಸಖಿ, ಒಬ್ಬ ತಂಗಿ ಗಂಡ ಪ್ರಧಾನಿ ಬಾಲ್ಫರ್ ಅವರ ತಮ್ಮ, ಇನ್ನೊಬ್ಬ ತಂಗಿ ಎಮಿಲಿ ಮದುವೆಯಾಗಿದ್ದು ಮುಂದೆ ಹೊಸದಿಲ್ಲಿ ಕಟ್ಟಿದ ಲುಟ್ಯೆನ್ಸ್ ಅವರನ್ನ (ಜಿಡ್ಡು ಕೃಷ್ಣಮೂರ್ತಿಯವರನ್ನ ಚಿಕ್ಕಂದಿನಲ್ಲಿ ತಾಯಿ ಥರ ನೋಡ್ಕೊಂಡ ಎಮಿಲಿ ಇವರೇ), ತಮ್ಮ ವಿಕ್ಟರ್ ಹುಟ್ಟಿದ್ದೇ ಸಿಮ್ಲಾದಲ್ಲಿ, ಆಮೇಲೆ ಬಂಗಾಳದ ಗವರ್ನರ್ ಆದ್ರು. ಇಂಥ ಮನೇಲಿ ಕಾನ್‌ಸ್ಟನ್ಸ್ ಮಾತ್ರ ಸಂಕೋಚದ ಸ್ವಭಾವ, ಮೈಯಲ್ಲಿ ಶಕ್ತಿ ಇಲ್ಲ, ಹಾರ್ಟ್ ವೀಕು, ಮಾಂಸ ಮುಟ್ಟದೋರು, ಒಂದು ಪ್ರೀತಿ ಕೈಗೂಡದೆ ಮದುವೆನೂ ಆಗದೆ ತಾಯಿ ಜೊತೆಗೇ ಇದ್ರು. ಹೀಗೇ 39 ವರ್ಷ ಆಯ್ತು.

1908ರಲ್ಲಿ ಲಿಟಲ್‌ಹ್ಯಾಂಪ್ಟನ್ ಅನ್ನೋ ಸಮುದ್ರತೀರದ ಊರಿಗೆ ಹೋದಾಗ ಅಲ್ಲಿ ಆನಿ ಕೆನಿ, ಎಮ್ಮೆಲಿನ್ ಪೆಥಿಕ್ ಲಾರೆನ್ಸ್ ಪರಿಚಯ ಆಯ್ತು. ಆನಿ ಕೆನಿ ಹತ್ತು ವರ್ಷಕ್ಕೇ ಹತ್ತಿ ಗಿರಣಿ ಕೆಲಸಕ್ಕೆ ಸೇರಿದ ಹುಡುಗಿ. ಇವರೆಲ್ಲ ಹೆಂಗಸರ ಓಟಿನ ಹಕ್ಕಿಗೆ ಹೋರಾಡ್ತಿದ್ದ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರ ಸಂಘಟನೆಯೋರು, ಓಟಿಗಾಗಿ ಜೈಲಿಗೆ ಹೋಗಿ ಬಂದಿದ್ದೋರು. ಶುರುವಲ್ಲಿ ಲೇಡಿ ಕಾನ್‌ಸ್ಟನ್ಸ್‌ಗೆ ಅವರ ದಾರಿ ಹಿಡಿಸ್ಲಿಲ್ಲ. ಅದೇ ಊರಲ್ಲಿ ಒಂದಿನ ಬೀದೀಲಿ ಒಂದು ಕುರಿ ನೋಡಿದ್ರು, ವಯಸ್ಸಾಗಿದ್ದ, ಅಂಕುಡೊಂಕು ಮೈಯ ಕುರಿ, ಕಟುಕರ ಕೈಯಿಂದ ತಪ್ಪಿಸ್ಕೊಂಡು ದಿಕ್ಕು ತೋಚದೆ ಓಡಾಡ್ತಿತ್ತು, ಸುತ್ತ ಸೇರಿದ ಜನ ನಗ್ತಾ ಇದ್ರು, ಕೊನೆಗೆ ಹಿಡಿದವನು ಅದರ ಮುಖಕ್ಕೇ ಒಂದು ಹೊಡೆದ. ಇವರು ಮುಂದೆ ಹೋಗಿ ಆತನನ್ನ ಬೈದ್ರು. ಹೆಂಗಸರ ಸ್ಥಿತಿ ಏನು ಅಂತ ನನಗೆ ಮೊದಲ ಸಲ ಕಂಡಿದ್ದು ಆ ಕುರಿಯಲ್ಲಿ ಅಂತ ಆಮೇಲೆ ಬರ್ಕೊಂಡಿದ್ದಾರೆ. ಪುಸ್ತಕ ಓದಿ, ಭಾಷಣ ಕೇಳಿ ಬದಲಾದ ಜನ ಬಹಳ ಇದ್ದಾರೆ, ಇವರಿಗೆ ಬೀದಿಯ ಒಂದು ಕುರಿ ಸಾಕಾಯ್ತು. ನನಗಂತೂ ಇವರ ಮೇಲೆ ನಂಬಿಕೆ ಹುಟ್ಟಿದ್ದೇ ಈ ಜಾಗದಲ್ಲಿ.

1909ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿಗೆ ಮನವಿ ಕೊಡೋಕೆ ಹೊರಟ ಗುಂಪಲ್ಲಿ ಅರೆಸ್ಟ್ ಆಗಿ ಲಂಡನ್ನಿನ ಹಾಲೋವೇ ಜೈಲಿಗೆ ಒಂದು ತಿಂಗಳು. ಅಲ್ಲಿ ಇವರನ್ನ ಆಸ್ಪತ್ರೆ ವಾರ್ಡಿಗೆ ಹಾಕಿದ್ರು, ಬೇರೆಯೋರ ಜೊತೆ ಸೆಲ್‌ಗೆ ಕಳ್ಸಿ ಅಂತ ಎಷ್ಟು ಕೇಳಿದ್ರೂ ಕಳಿಸ್ಲಿಲ್ಲ. ಕಳಿಸಲೇಬೇಕು ಹಾಗೆ ಮಾಡ್ತೀನಿ ಅಂತ ಸೂಜಿ ತಗೊಂಡು, ಆಮೇಲೆ ಹ್ಯಾಟ್‌ಪಿನ್‌ನಿಂದ ಮುರಿದ ಎನಾಮಲ್ ಚೂರು ತಗೊಂಡು, ‘ವೋಟ್ಸ್ ಫಾರ್ ವಿಮೆನ್’ ಅಂತ ಎದೆಯಿಂದ ಕೆನ್ನೆವರೆಗೂ ಗೀರ್ಕೊಳ್ಳೋಕೆ ಶುರು ಮಾಡಿದ್ರು. ಎದೆ ಮೇಲೆ ‘ವಿ’ ಅಕ್ಷರ ಒಂದು ಮುಗೀತು, ರಕ್ತ ಬಂತು, ಅಷ್ಟಕ್ಕೇ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕಾಯ್ತು. ಕೊನೆಗೂ ಸೆಲ್‌ಗೆ ಕಳಿಸಿದ್ರು.

ಅದೇ ವರ್ಷ ಜುಲೈನಲ್ಲಿ ಮೇರಿಯನ್ ವಾಲೇಸ್ ಡನ್ಲಪ್ ಅನ್ನೋ ಕಲಾವಿದೆ ಜೈಲಲ್ಲಿ ಉಪವಾಸ ಕೂತ್ರು, ಸರ್ಕಾರ ಹೆದರಿ ಬಿಟ್ಟುಬಿಡ್ತು. ಆಮೇಲೆ ಎಲ್ಲರೂ ಉಪವಾಸ ಕೂರೋಕೆ ಶುರು ಮಾಡಿದಾಗ, ಸೆಪ್ಟೆಂಬರಿಂದ ಟ್ಯೂಬ್ ಹಾಕಿ ಬಲವಂತವಾಗಿ ಆಹಾರ ಇಳಿಸೋದು ಶುರುವಾಯ್ತು. ಅಕ್ಟೋಬರಲ್ಲಿ ನ್ಯೂಕ್ಯಾಸಲ್‌ಗೆ ಮಂತ್ರಿ ಲಾಯ್ಡ್ ಜಾರ್ಜ್ ಬಂದಾಗ ಲೇಡಿ ಕಾನ್‌ಸ್ಟನ್ಸ್ ಕಾರಿಗೆ ಕಲ್ಲು ಹೊಡೆದು ಮತ್ತೆ ಜೈಲು ಸೇರಿದ್ರು, ಉಪವಾಸ ಕೂತ್ರು. ಏನಾಯ್ತು ನೋಡಿ, ಡಾಕ್ಟರು ಬಂದ್ರು, ಹಾರ್ಟ್ ಚೆಕ್ ಮಾಡಿದ್ರು, ವೀಕ್ ಇದೆ ಅಂತ ಕೆಲವೇ ದಿನದಲ್ಲಿ ಬಿಟ್ಟು ಕಳಿಸಿದ್ರು. ಜೊತೆಗೆ ಜೈಲಿಗೆ ಹೋಗಿದ್ದ ಬೇರೆ ಹೆಂಗಸರಿಗೆ ಟ್ಯೂಬ್ ಹಾಕಿದ್ರು. ಅಂತಸ್ತು ನೋಡಿ ಬಿಟ್ರಲ್ಲ ಅಂತ ಕೇಳಿದ್ದಕ್ಕೆ ಸರ್ಕಾರ ಕೊಟ್ಟ ಉತ್ತರ, ಹಾಗೇನಿಲ್ಲ, ಆರೋಗ್ಯ ನೋಡಿ ಬಿಟ್ಟಿದ್ದು.

ಸರಿ ಹಾಗಾದ್ರೆ. ಅದೇ ಹಾರ್ಟ್, ಅದೇ ಮೈ, ಹೆಸರು ಮಾತ್ರ ಬೇರೆ ಆದ್ರೆ ಏನಾಗುತ್ತೆ? ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇರೋದು. ಸುದ್ದಿ ಆಗೋದು ಅವರಿಗೆ ಬೇಕಿರ್ಲಿಲ್ಲ ಅಂತಲ್ಲ, ಬೇಕಿತ್ತು, ಆದ್ರೆ ಲೇಡಿ ಹೆಸರಲ್ಲಿ ಆಗೋ ಸುದ್ದಿ ಲೇಡಿಯ ಬಗ್ಗೆ ಮಾತ್ರ ಇರ್ತಿತ್ತು. ಸರ್ಕಾರ ಹೇಳ್ತಿರೋದು ಸುಳ್ಳು ಅಂತ ತೋರಿಸ್ಬೇಕಂದ್ರೆ ಅದೇ ಹಾರ್ಟನ್ನ ಹೆಸರಿಲ್ಲದೆ ಅವರ ಮುಂದೆ ಇಡಬೇಕಿತ್ತು.

1910ರ ಜನವರಿ. ಜೋನ್ ಆಫ್ ಆರ್ಕ್ ನೆನಪಿಗೆ ಜೇನ್, ವಾರ್ಬರ್ಟನ್ ಅನ್ನೋ ಹೆಸರನ್ನ ಚಿಕ್ಕದು ಮಾಡಿ ವಾರ್ಟನ್. ಜೇನ್ ವಾರ್ಟನ್, ಕಸುಬು ಹೊಲಿಗೆ. ನೋಡೋಕೆ ಚೆನ್ನಾಗಿಲ್ಲದ ಕೈದಿಗಳನ್ನ ಜೈಲಲ್ಲಿ ಇನ್ನೂ ಕೀಳಾಗಿ ನೋಡ್ತಾರೆ ಅಂತ ಮೊದಲೇ ಗಮನಿಸಿದ್ರಿಂದ ಎಷ್ಟು ಸಾಧ್ಯನೋ ಅಷ್ಟು ಕುರೂಪವಾಗಿ ಕಾಣ್ಬೇಕು ಅಂತ ತೀರ್ಮಾನ ಮಾಡಿದ್ರು. ಮ್ಯಾಂಚೆಸ್ಟರ್‌ನಲ್ಲಿ ಅಂಗಡಿ ಅಂಗಡಿ ಸುತ್ತಿ ಅಗ್ಗದ ಹ್ಯಾಟ್ ಒಂದು, ಉದ್ದನೆ ಹಸಿರು ಕೋಟ್ ಒಂದು, ಮೂಗಿನ ಮೇಲೆ ಕೂರೋ ಕನ್ನಡಕ ಒಂದು ತಗೊಂಡ್ರು, ಕೂದಲು ಕತ್ತರಿಸ್ಕೊಂಡ್ರು, ಒಳಬಟ್ಟೆ ಮೇಲಿದ್ದ ತಮ್ಮ ಇನಿಷಿಯಲ್ಸ್ ಕಿತ್ತುಹಾಕಿದ್ರು. ಬೀದೀಲಿ ಹುಡುಗರು ನೋಡಿ ನಗೋಕೆ ಶುರು ಮಾಡಿದ್ಮೇಲೆ ವೇಷ ಸರಿಯಾಗಿದೆ ಅಂತ ಗೊತ್ತಾಯ್ತು.

ಲಿವರ್‌ಪೂಲ್‌ನ ವಾಲ್ಟನ್ ಜೈಲಿನ ಹತ್ತಿರ ಜೈಲು ಗವರ್ನರ್ ಮನೆ ಮುಂದೆ ಪ್ರತಿಭಟನೆ. ಪೊಲೀಸರು ಎಲ್ಲಿ ತನ್ನನ್ನ ಹಿಡಿಯದೇ ಬಿಟ್ಬಿಡ್ತಾರೋ ಅನ್ನೋ ಭಯಕ್ಕೆ ಜೇಬಲ್ಲಿದ್ದ ಕಲ್ಲನ್ನ ಬೇಲಿ ಆಚೆಗೆ ಹಾಕಿದ್ರು, ಎಸೀಲಿಲ್ಲ, ಯಾರಿಗೂ ತಾಗಬಾರ್ದು ಅಂತ ಮೆಲ್ಲಗೆ ಬೀಳಿಸಿದ್ರು ಅಷ್ಟೇ. 14 ದಿನ ಸಜೆ ಆಯ್ತು, ಕಠಿಣ ದುಡಿಮೆ ಸಮೇತ.

ಉಪವಾಸ ಕೂತ ನಾಲ್ಕನೇ ದಿನ ಸಂಜೆ ಡಾಕ್ಟರು, ಜೊತೆಗೆ ನಾಲ್ಕೈದು ವಾರ್ಡ್ರೆಸ್‌ಗಳು (ಜೈಲಿನ ಹೆಂಗಸು ಕಾವಲುಗಾರರು) ಸೆಲ್ ಒಳಗೆ ಬಂದ್ರು. ನಾಡಿ ಹಿಡಿದು ನೋಡ್ಲಿಲ್ಲ, ಎದೆಗೆ ಕಿವಿ ಇಡ್ಲಿಲ್ಲ. ಹಲಗೆ ಮೇಲೆ ಮಲಗಿಸಿ ಕೈಕಾಲು ಹಿಡ್ಕೊಂಡು, ಬಾಯಿ ಅಗಲಿಸೋಕೆ ಸ್ಟೀಲಿನ ಸಾಧನ ತುರುಕಿ ಸ್ಕ್ರೂ ತಿರುಗಿಸಿ, ಸುಮಾರು ನಾಲ್ಕು ಅಡಿ ಉದ್ದದ ಟ್ಯೂಬನ್ನ ಗಂಟಲೊಳಗೆ ಇಳಿಸಿದ್ರು. ಒಳಗೆ ಹೋಗಿದ್ದೆಲ್ಲ ವಾಂತಿ ಆಯ್ತು, ಕೂದಲು, ಬಟ್ಟೆ, ಗೋಡೆ ಎಲ್ಲ ಒದ್ದೆ. ಹೊರಡುವಾಗ ಡಾಕ್ಟರ್ ಆಕೆಯ ಕೆನ್ನೆಗೆ ಒಂದು ಏಟು ಕೊಟ್ಟು ಹೋದ, ನೋವಾಗೋ ಏಟಲ್ಲ, ಛೀ ಅನ್ನೋ ಥರದ್ದು. ಬೆಳಗಾಗೋವರೆಗೂ ಅದೇ ಒದ್ದೆ ಬಟ್ಟೆ. ಆಮೇಲೆ ಪಕ್ಕದ ಸೆಲ್‌ನಿಂದ ಜೊತೆ ಹೋರಾಟಗಾರ್ತಿ ಎಲ್ಸಿ ಹೋವಿಗೆ ಟ್ಯೂಬ್ ಹಾಕೋ ಸದ್ದು ಕೇಳ್ತು, ಅದೆಲ್ಲ ನಿಂತ ಮೇಲೆ ಇವರು ಗೋಡೆ ಬಡಿದು ಸೋಲೋದಿಲ್ಲ ಅಂತ ಕೂಗಿದ್ರು, ಆ ಕಡೆಯಿಂದ ಎಲ್ಸಿನೂ ಅದನ್ನೇ ಕೂಗಿದ್ರು.

ಹೀಗೆ ಎಂಟು ಸಲ. ಮಧ್ಯೆ ಒಮ್ಮೆ ಇವರ ಸ್ಥಿತಿ ನೋಡಿ ಇನ್ನೊಬ್ಬ ಡಾಕ್ಟರನ್ನ ಕರೆಸಿದ್ರು, ಆತ ಒಂದೇ ಕ್ಷಣ ಎದೆ ಮೇಲೆ ಕಿವಿ ಇಟ್ಟು, ಹಾರ್ಟ್ ಬೊಂಬಾಟಾಗಿದೆ, ಮುಂದುವರಿಸಿ ಅನ್ನೋ ಅರ್ಥದಲ್ಲಿ ಹೇಳಿ ಹೋದ. ಮೂರು ತಿಂಗಳ ಹಿಂದೆ ನ್ಯೂಕ್ಯಾಸಲ್‌ನಲ್ಲಿ ಬಿಡುಗಡೆಗೆ ಕಾರಣ ಆಗಿದ್ದ ಅದೇ ಹಾರ್ಟು! ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ನಾನು.

ಕೈದಿ ಯಾರಿರಬಹುದು ಅಂತ ಅನುಮಾನ ಬಂದ್ಮೇಲೆ ಬಿಡುಗಡೆ, ತಂಗಿ ಎಮಿಲಿ ಬಂದು ಮನೆಗೆ ಕರ್ಕೊಂಡು ಹೋದ್ರು. ಆಮೇಲೆ ಪೇಪರಿಗೆ ಬರೆದ್ರು, ಸಭೆಗಳಲ್ಲಿ ಮಾತಾಡಿದ್ರು, ತಮ್ಮ ವಿಕ್ಟರ್ ಗೃಹ ಇಲಾಖೆ ಜೊತೆ ಪತ್ರಯುದ್ಧನೇ ನಡೆಸಿದ್ರು, ಇಲಾಖೆ ಮಾತ್ರ ತಪ್ಪು ಒಪ್ಪಲಿಲ್ಲ. ಆದ್ರೆ ಅದೇ ಮಾರ್ಚ್‌ನಲ್ಲಿ ಹೊಸ ಗೃಹಮಂತ್ರಿ ಚರ್ಚಿಲ್ ಇಂಥ ಕೈದಿಗಳಿಗೆ ಜೈಲು ನಿಯಮ ಸ್ವಲ್ಪ ಸಡಿಲ ಮಾಡಿದ್ರು. ಅಂದ್ರೆ ನೀವು ಹೇಳಿದ ಆ ಸುದ್ದಿನೂ ಆಯ್ತು, ದೊಡ್ಡದಾಗೇ ಆಯ್ತು, ಲೇಡಿಗೆ ಏನಾಯ್ತು ಅನ್ನೋದರ ಜೊತೆ ಜೇನ್‌ಗೆ ಏನಾಯ್ತು ಅಂತನೂ ಜನ ಓದಬೇಕಾಯ್ತು.

ಬೆಲೆ ಮಾತ್ರ ಆಕೆಯ ಮೈಯೇ ಕೊಡ್ತು. 1912ರ ಮೇನಲ್ಲಿ ಸ್ಟ್ರೋಕ್ ಹೊಡೆದು ಬಲಗಡೆ ಬಿದ್ದುಹೋಯ್ತು. ಎಡಗೈಯಲ್ಲಿ ಬರೆಯೋದು ಕಲಿತು ಜೈಲಿನ ಅನುಭವಗಳನ್ನೆಲ್ಲ ಪುಸ್ತಕ ಮಾಡಿದ್ರು, 1914ರಲ್ಲಿ ಬಂತು, ‘ಪ್ರಿಸನ್ಸ್ ಅಂಡ್ ಪ್ರಿಸನರ್ಸ್’. ಲೇಖಕರ ಹೆಸರಿನ ಜಾಗದಲ್ಲಿ ಎರಡು ಹೆಸರು, ಕಾನ್‌ಸ್ಟನ್ಸ್ ಲಿಟ್ಟನ್ ಮತ್ತು ಜೇನ್ ವಾರ್ಟನ್.

1918ರಲ್ಲಿ ಬ್ರಿಟನ್ನಿನ ಹೆಂಗಸರಿಗೆ ಓಟು ಬಂತು, ಆದ್ರೆ 30 ವರ್ಷ ತುಂಬಿರಬೇಕು, ತನಗೋ ಗಂಡನಿಗೋ ಮನೆ ಅಥವಾ ಆಸ್ತಿಯ ಅರ್ಹತೆ ಇರಬೇಕು. ಫರ್ನಿಚರ್ ಸಮೇತ ಒಂದು ರೂಮು ಬಾಡಿಗೆಗೆ ಹಿಡ್ಕೊಂಡು ಒಬ್ಬಳೇ ಬದುಕೋ ಹೊಲಿಗೆ ಕೆಲಸದವಳು ಅದರಲ್ಲಿ ಬರ್ತಿರ್ಲಿಲ್ಲ. ಕಾನ್‌ಸ್ಟನ್ಸ್ 1923ರಲ್ಲಿ, 54ನೇ ವಯಸ್ಸಿಗೆ ತೀರ್ಕೊಂಡ್ರು. ಜೇನ್ ವಾರ್ಟನ್ ಥರದ ಹೆಂಗಸರಿಗೆ ಓಟು ಸಿಕ್ಕಿದ್ದು ಅದಾಗಿ ಐದು ವರ್ಷಕ್ಕೆ, 1928ರಲ್ಲಿ.